ಎರಡೂ ಕೈ ಮೇಲೆತ್ತಿ

ಹಟ್ಟಿಯ ಗಣಿಯಿಂದ ಕೇಜು ಮೇಲೇರುವಾಗ
ಮೊದಲು ಉಕ್ಕಿನ ಹಗ್ಗ ನಡುಗುತ್ತದೆ, ಆಮೇಲೆ ನನ್ನ ಚಹಾ.
ಬೆಂಚಿನ ಕೆಳಗೆ ಪುಸ್ತಕ ತಳ್ಳಿ ಎದ್ದು ನಿಲ್ಲುತ್ತೇನೆ:
ತತ್ವಶಾಸ್ತ್ರ, ಅಂಚೆ ತೆರಪಿನ ಎಂ.ಎ., ಎರಡನೇ ವರ್ಷ,
ಓದಿದ ಪುಟಕ್ಕೆ ಗುರುತು ಒಂದು ಹಳೆಯ ಗೇಟ್ ಪಾಸು.

ಕೈ ಎತ್ರಪಾ.
ಹೇಳುವ ಮೊದಲೇ ಎತ್ತಿರುತ್ತಾರೆ.
ಕಂಕುಳು, ಸೊಂಟ, ಮಂಡಿ, ಬೂಟಿನ ನಾಲಗೆ,
ಬುತ್ತಿ ಡಬ್ಬಿಯ ತಳ, ಹೆಲ್ಮೆಟ್ಟಿನ ಪಟ್ಟಿಯ ಹಿಂದೆ.
ಹದಿನಾಲ್ಕು ವರ್ಷ, ಪಾಳಿಗೆ ನೂರಿಪ್ಪತ್ತು ಮೈ.
ಸಿಕ್ಕದ್ದು ಎಷ್ಟು ಅಂತೀರಿ? ಎರಡು ಸಲ ಚೂರು ಅದಿರು,
ಒಂದು ಸಲ ಬರಿಯ ಹೊಳೆಯುವ ಕಲ್ಲು, ಬಂಗಾರವಲ್ಲ,
ಮೌನೇಶ ಮಗಳ ಆಟಕ್ಕೆಂದು ಇಟ್ಟುಕೊಂಡಿದ್ದ.
ವಹಿಯಲ್ಲಿ ಬರೆದೆ. ಮೂರು ದಿನದ ಕೂಲಿ ಕಟ್.
ಮಗಳ ಹೆಸರು ಕೇಳಬೇಕಿತ್ತು, ಕೇಳಲಿಲ್ಲ.

ಪುಸ್ತಕದಲ್ಲೊಬ್ಬ ಅಂಜುಬುರುಕನಿದ್ದಾನೆ, ನನಗೆ ಹತ್ತಿರದವ.
ತನ್ನ ನಾಡಿನ ಹೊಡೆದಾಟ ನೋಡಿ ನೋಡಿ ಹೇಳಿದನಂತೆ:
ಕಾವಲಿಲ್ಲದಿದ್ದರೆ ನಿಮ್ಮ ಕೈ ನಿಮ್ಮ ನೆರೆಯವನ ಕುತ್ತಿಗೆಗೆ,
ಎಲ್ಲ ಕೋಲುಗಳನ್ನೂ ಒಂದೇ ಕೈಗೆ ಒಪ್ಪಿಸಿಬಿಡಿ.
ಒಪ್ಪಿಸಿದಂತಾಯಿತು. ಅದರದೊಂದು ತುಂಡು ನನ್ನ ಕಂಕುಳಲ್ಲಿದೆ,
ತುದಿಗೆ ಹಿತ್ತಾಳೆ, ಮೇಲೆ ನಂಬರು.

ಆಮೇಲೆ ಬಂದ ಇನ್ನೊಬ್ಬ, ಕಾಡಿನಲ್ಲಿ ಒಂಟಿ ತಿರುಗುವವ,
ಇಲ್ಲ ಎಂದ: ಹುಟ್ಟಿದಾಗ ಎಲ್ಲರೂ ಮೆತ್ತಗೇ ಇದ್ದರು,
ಬೇಲಿಯ ಹೊಟ್ಟೆಯಲ್ಲೇ ಕಳ್ಳ ಹುಟ್ಟಿದ್ದು.
ಸರಿ, ಈ ಗುಡ್ಡ ಅಗೆಯುವ ಮೊದಲು
ಇಲ್ಲಿ ಯಾರ ಬೂಟು ಯಾರು ಬಿಚ್ಚಿಸುತ್ತಿದ್ದರು?
ಹಾಗಂದವನು ತನ್ನ ಕೂಸುಗಳನ್ನೇ ಅನಾಥಾಲಯಕ್ಕೆ ಬಿಟ್ಟನಂತೆ.
ಅಡಿಟಿಪ್ಪಣಿ. ಪರೀಕ್ಷೆಗೆ ಬರುವುದಿಲ್ಲ.

ಗಡಿಯಾರದಂಥವ ಒಬ್ಬ, ಊರು ಬಿಟ್ಟು ಕದಲದವ:
ನೀ ಮಾಡುವುದನ್ನು ಲೋಕವೆಲ್ಲ ಮಾಡಿದರೆ ಒಪ್ಪುತ್ತೀಯಾ?
ಲೋಕವೆಲ್ಲ ಲೋಕವನ್ನು ತಡವುತ್ತಾ,
ಲಿಂಗಸುಗೂರಿನ ಬಸ್‌ಸ್ಟ್ಯಾಂಡು, ಸಂತೆ, ಮಠ, ಮಸೀದಿ,
ಸ್ವಾಮಿಗಳು ಕೂಡ ಕೈ ಮೇಲೆತ್ತಿ...
ನಕ್ಕುಬಿಟ್ಟೆ. ಸೂಪರ್‌ವೈಸರ್ ಸಾಹೇಬರು ಯಾಕೋ ಅಂದರು.

ಹುಲುಗಪ್ಪನ ವಿಷಯ ಯಾವ ಅಧ್ಯಾಯದಲ್ಲೂ ಇಲ್ಲ.
ಹೋದ ಸುಗ್ಗಿಯಲ್ಲಿ ಅವನ ಪಕ್ಕೆ ನನ್ನ ಅಂಗೈ ತುಂಬುತ್ತಿತ್ತು.
ಕಾರಹುಣ್ಣಿಮೆಗೆ ಎಲುಬು ತಾಗಿತು, ಒಂದು, ಎರಡು.
ಪಂಚಮಿಗೆ ಎಣಿಸಬಹುದಿತ್ತು.
ಹೆಂಡತಿಗೆ ತಿಳಿದಿರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗುತ್ತಾನಂತೆ.
ಡಾಕ್ಟರಿಗೆ ಅವನೊಂದು ಬಿಲ್ಲೆ ನಂಬರು.
ಕದ್ದದ್ದು ಹುಡುಕುವ ನನ್ನ ಕೈಗೆ ಸಿಕ್ಕದ್ದು
ಅವನಿಂದ ಕದ್ದುಹೋದದ್ದು.

ಉಸಿರು ಎಳಿ ಅಂದೆ. ಎಳೆದ.
ಒಳಗೆ ಯಾರೋ ಕಲ್ಲಪುಡಿ ಜರಡಿ ಹಿಡಿದ ಸದ್ದು.
ಹಿಂದಿನ ಸಾಲಿನಲ್ಲಿ ಗದ್ದಲ: ಬಿಡಪಾ ಲಗೂನ, ಬಸ್ ಹೊಂಟತಿ.
ನೂರು ಮಂದಿಯ ಬಸ್ಸು, ಒಬ್ಬನ ಉಸಿರು, ತೂಗಿ ನೋಡು
ಅನ್ನುವವನೂ ಇದ್ದಾನೆ ಪುಸ್ತಕದಲ್ಲಿ;
ಆ ಪಾಠ ನಾನಿನ್ನೂ ಓದಿರಲಿಲ್ಲ.
"ನಾಳೆ ರಾಯಚೂರಿಗೆ ಹೋಗಿ ಎದಿ ಫೋಟೊ ತೆಗಿಸು.
ಹೋಗ್ಲಿಲ್ಲಂದ್ರ ನಿನ್ನ ಡಬ್ಬ್ಯಾಗ ಕಲ್ಲು ಇಟ್ಟು
ನಾನೇ ಹಿಡಿಸ್ತೀನಿ ನೋಡು."
ಹಂಗೇ ನಿಂತ, ಎರಡೂ ಕೈ ಮೇಲೆ.
ಇಳಿಸಪಾ ಅಂದಮ್ಯಾಗ ಇಳಿಸಿದ.

ಪರೀಕ್ಷೆ. ಫ್ಯಾನಿಲ್ಲದ ಕೊಠಡಿ. ಪ್ರಶ್ನೆ ನಾಲ್ಕು:
ಮನುಷ್ಯ ಸ್ವಭಾವತಃ ಸ್ವಾರ್ಥಿಯೇ? ಚರ್ಚಿಸಿ. ಹದಿನೈದು ಅಂಕ.
ಗೈಡಿನಲ್ಲಿದ್ದಂತೆ ಬರೆದೆ, ಒಬ್ಬ ಹೀಗಂದ, ಒಬ್ಬ ಹಾಗಂದ.
ಅರ್ಧ ಪುಟ ಉಳಿಯಿತು.
ಹುಲುಗಪ್ಪ ಎಂದು ಬರೆದು ಹೊಡೆದುಹಾಕಿದೆ.

ಎರಡನೇ ಪೇಪರಿನ ದಿನ ಬಾಗಿಲಲ್ಲೊಬ್ಬ ಎಳೆಯ ಮೇಷ್ಟ್ರು
ಚೀಟಿ ಹುಡುಕಲು ಬಂದ. ನನ್ನ ಕೈ ಆಗಲೇ ಮೇಲಿದ್ದವು.
ಜೇಬು ತಟ್ಟಿದ, ಬೆನ್ನು ತಟ್ಟಿದ, ಮುಗಿಸಿದ.
ಕೆಲಸ ಬರುವುದಿಲ್ಲ ಅವನಿಗೆ, ಬೆರಳಿಗೆ ಅವಸರ.
ಪಕ್ಕೆಲುಬಿನ ಹತ್ತಿರ ತುಸು ತಡೀಬೇಕು, ತಮ್ಮಾ, ಅಂದೆ.