ಎದೆಯ ಮೇಲೊಂದು ಕಿವಿ

ಮೊದಲ ಯಂತ್ರ ನಮ್ಮ ತಾತನ ಅಂಗೈ.
ಕಿವಿಯ ಹಿಂದೆ ಬಟ್ಟಲಾಗಿ ಬಾಗಿ
"ಆಂ?" ಎನ್ನುತ್ತಿತ್ತು.
ಸೆಲ್ಲು ಬೇಡ, ರಿಪೇರಿ ಇಲ್ಲ,
ನಶ್ಯದ ವಾಸನೆ ಒಂದಿಷ್ಟು.

ಅದಕ್ಕೂ ಹಿಂದೆ ಕೊಂಬಿತ್ತಂತೆ, ತುದಿ ಕೊಯ್ದ ದನದ ಕೊಂಬು.
ಆಮೇಲೆ ಹಿತ್ತಾಳೆಯದು, ಉಮ್ಮತ್ತಿ ಹೂವಿನ ಹಾಗೆ ಬಾಯಗಲಿಸಿ.
ಶಿವರಾಂಪೇಟೆಯ ಹಳೇ ಸಾಮಾನಿನಂಗಡಿಯಲ್ಲಿ ಒಂದು ಸಿಕ್ಕಿತು.
"ಊದುಬತ್ತಿ ಸಿಕ್ಕಿಸೋಕೆ ತಗೋತಾರೆ ಸಾರ್" ಅಂದ ಅಂಗಡಿಯವನು.
ಕಿವಿಗಿಟ್ಟು ನೋಡಿದೆ. ಒಳಗೆ ಜೇಡ
ಮನೆ ಮಾಡಿತ್ತು.

ನನ್ನ ಕಥೆ ಶುರುವಾದದ್ದು ಸೂಜಿಯಿಂದ.
ಎದೆರೋಗದ ಆಸ್ಪತ್ರೆ, ಅರವತ್ತೆಂಟನೇ ಇಸವಿ, ನನಗೆ ಆರು.
ದಿನಕ್ಕೊಂದು ಚುಚ್ಚು.
"ಮಗ ಉಳಿದರೆ ಸಾಕು" ಎಂದಿದ್ದಳು ಅವ್ವ; ಅಷ್ಟೇ ಕೊಟ್ಟರು.
ಕೆಮ್ಮು ಹೋಯಿತು. ಹೋಗುವಾಗ
ಗುಬ್ಬಿಗಳನ್ನೂ ಕರಕೊಂಡು ಹೋಯಿತು.

ಮಾನಸಗಂಗೋತ್ರಿಯಲ್ಲಿ ಒಂದು ಪೆಟ್ಟಿಗೆ ಕೊಟ್ಟರು,
ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು,
ಅಲ್ಲಿಂದ ಕಿವಿಗೆ ತಿರುಚಿದ ವೈರು.
ಮಂಡಿಮೊಹಲ್ಲಾದ ಟೈಲರ್ ಜಬೀಉಲ್ಲಾ ಸಾಬರು
ಯೂನಿಫಾರ್ಮಿನ ನಟ್ಟನಡುವೆ ಜೇಬು ಹೊಲಿದರು.
ಕಾಸು ಬೇಡ ಎಂದು ಕೈಯಾಡಿಸಿದರು.
ಅದು ಕೇಳಿಸಬೇಕಾದ ಮಾತಲ್ಲ.

ಅವತ್ತಿನಿಂದ ಜನ ನನ್ನ ಎದೆಗೆ ಮಾತಾಡಿದರು.
ಲಿಲ್ಲಿ ಮೇರಿ ಟೀಚರು ಬಗ್ಗಿ ಬಗ್ಗಿ ಜೇಬಿಗೆ ಮಗ್ಗಿ ಹೇಳಿಕೊಟ್ಟರು.
ಹುಡುಗರು "ಹಲೋ, ಟ್ರಂಕ್ ಕಾಲ್!" ಎಂದು ಅದೇ ಜೇಬಿಗೆ ಕಿರುಚಿದರು.
ಅಂಗಿ ಉಜ್ಜಿದರೆ ಕಾಡಿಗೆ ಬೆಂಕಿ ಬಿದ್ದ ಸದ್ದು.
ಓಡಿದರೆ ನನಗೆ ನಾನೇ ಬಿರುಗಾಳಿ.
ಒಮ್ಮೆ ಸೀಮೆಎಣ್ಣೆಯ ಕಾಸಿಗೆ ಅವ್ವ ಸೆಲ್ಲು ತಂದಳು.
ಆ ರಾತ್ರಿಯಿಡೀ ಬುಡ್ಡಿ ಇಲ್ಲದೆ
ಕತ್ತಲಲ್ಲಿ ಕೂತು ಮಾತಾಡಿದೆವು.

ರಾಜಮಣಿಯೂ ಅಷ್ಟೇ, ಮದುವೆಯ ಹೊಸತರಲ್ಲಿ
ಗುಟ್ಟು ಹೇಳಬೇಕೆಂದರೆ ಎದೆಗೇ ಬಾಯಿಡಬೇಕು.
ಅವಳ ಕುಂಕುಮ ಆ ಪೆಟ್ಟಿಗೆಯ ಜಾಲರಿಯಲ್ಲಿ
ಇನ್ನೂ ಇದೆ, ಕಪ್ಪಾಗಿ.

ಆಮೇಲೆ ಯಂತ್ರ ಬಡವಾಗುತ್ತ ಬಂತು.
ಗೋಡಂಬಿಯಾಗಿ ಕಿವಿಯ ಬೆನ್ನೇರಿತು,
ಹುಣಸೆಬೀಜವಾಗಿ ಒಳಕ್ಕಿಳಿಯಿತು.
ಈಗಿನದು ಫೋನಿನ ಜೊತೆ ತನ್ನಷ್ಟಕ್ಕೆ ತಾನು ಹರಟುತ್ತದೆ.
ಮೊಮ್ಮಗಳ ವಯಸ್ಸಿನ ಹುಡುಗಿ ಕಂಪ್ಯೂಟರಿನಲ್ಲಿ ಗೆರೆ ಎಳೆದೆಳೆದು
"ಈಗ ಹೇಗಿದೆ ಅಂಕಲ್, ಸರಿಯಾ?" ಎಂದಳು.
'ಸ'!
ಐವತ್ತು ವರ್ಷದ ಮೇಲೆ 'ಸ',
ಸೆರಗಿನಲ್ಲಿ, ಸಾಸಿವೆಯಲ್ಲಿ,
ನನ್ನದೇ ಉಸಿರಿನಲ್ಲಿ ಕೂಡ.
ಹೊರಗೆ ಬಂದು ಹೊಂಗೆಮರದಡಿ ನಿಂತೆ, ಗುಬ್ಬಿಗಾಗಿ.
"ಗುಬ್ಬಿಯಾ? ಈಗೆಲ್ಲಿ ಗುಬ್ಬಿ?" ಎಂದ ಆಟೋದವನು,
ಎಷ್ಟು ಸ್ಪಷ್ಟವಾಗಿ ಎಂದ!

ಈಗ ಯಾರೂ ಬಗ್ಗುವುದಿಲ್ಲ.
ರಾಜಮಣಿ ಅಡುಗೆಮನೆಯಿಂದಲೇ ಬೈಯುತ್ತಾಳೆ,
ಒಂದಕ್ಷರ ಪೋಲಾಗದೆ ಬಂದು ಸೇರುತ್ತದೆ.
ನಿನ್ನೆ ಬೀರುವಿನಿಂದ ಹಳೇ ಪೆಟ್ಟಿಗೆ ತೆಗೆದು ಒರೆಸಿ
ಜೇಬಿನಲ್ಲಿಟ್ಟುಕೊಂಡು ಕೂತೆ, ಸೆಲ್ಲಿಲ್ಲದೆ.
ಅವಳೇನೋ ಕೇಳಿದಳು.
ಅಂಗೈಯನ್ನು ಕಿವಿಯ ಹಿಂದಿಟ್ಟು
"ಆಂ?" ಎಂದೆ.

"ನಾಟಕ ಸಾಕು, ಹಾಲು ನೋಡ್ರೀ" ಎಂದಳು, ಅಲ್ಲಿಂದಲೇ.
ನೋಡುವಷ್ಟರಲ್ಲಿ ಉಕ್ಕಿತು.
ಸ್ಸ್...
ಅದೂ ಕೇಳಿಸಿತು.