ಹದಿನಾರು ಡಿಗ್ರಿ

ಮೈಲ್ಸ್ ಸಿಟಿಯಲ್ಲಿ ಮಾರ್ಚ್ ಕೊನೆ. ಟಂಗ್ ನದಿಯ ಮೇಲೆ
ಹಿಮ ಇನ್ನೂ ಹಲ್ಲು ಕಚ್ಚಿ ಕೂತಿದೆ.
ಆರಿನ್ ಸ್ಕಾರ್ ತನ್ನ ಕೆಂಪು ಟ್ರಕ್ಕನ್ನು
ಷೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿದ, ಇಳಿಯಲಿಲ್ಲ.
ಅವನ ಹಿಂದೆ ಬೀದಿಯೇ ಇರಲಿಲ್ಲ:
ಟೈರಿನಂಗಡಿ, ಅಂಚೆ ಕಚೇರಿ, ಬಾವುಟದ ಕಂಬ
ಎಲ್ಲ ಬಿಳಿ ಹೊಗೆಯೊಳಗೆ.

"ಎರಡು ವಾರದ ಹಿಂದೆ ನೀನೇ ಮಾಡಿದ್ದು," ಅಂದ.
ದೂರಲಿಲ್ಲ; ತಾರೀಖು ಹೇಳಿದಂತೆ ಹೇಳಿದ.

ಹೌದು, ನಾನೇ. ದೊಡ್ಡ ನಾಝಲ್, ಅರೆದ ಫ್ಯುಯೆಲ್ ಪ್ಲೇಟ್,
ಟರ್ಬೋ ಮಾತ್ರ ಅವನದು, ಯಾವುದೋ ಹರಾಜಿನದು.
ಟೈಮಿಂಗ್ ಹನ್ನೆರಡರಿಂದ ಹದಿನಾರಕ್ಕೆ ಏರಿಸಿ ಕಳಿಸಿದ್ದೆ.
ಅಂದು ಇಂಜಿನ್ನು
ಕಡಲೆ ಹುರಿವ ಬಾಣಲೆಯ ಹಾಗೆ ಚಟಚಟ ಅಂದಿತ್ತು.
ಇಂದು ಮೆತ್ತಗೆ,
ಕಂಬಳಿಯೊಳಗಿಂದ ಮಾತಾಡುವ ಜ್ವರದವನ ಹಾಗೆ.

ಕಪ್ಪು ಹೊಗೆ ನನಗೆ ಅರ್ಥವಾಗುತ್ತದೆ:
ಬಾಯಿಗೆ ತುತ್ತು ತುರುಕಿ ಉಸಿರಿಗೆ ಬಿಡದಿದ್ದರೆ
ಯಾರಿಗಾದರೂ ಹಾಗೆಯೇ. ನೀಲಿಯೂ ಗೊತ್ತು,
ರಿಂಗು ಸವೆದು ತನ್ನೆಣ್ಣೆ ತಾನೇ ಕುಡಿವ ಮುದಿತನ.
ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರಲ್ಲ,
ಆ ಗಾದೆ ಕಟ್ಟಿದವರು ಡೀಸೆಲ್ ಕಂಡಿರಲಿಲ್ಲ.
ಬಿಳಿಯದು ಬೆಂಕಿ ಸಿಗದ ಹೊಗೆ.
ಎಲೆ ಎತ್ತಿದ ಮೇಲೆ ಬಂದ ನೆಂಟನಂತೆ
ಪಿಸ್ಟನ್ ಇಳಿಯತೊಡಗಿದ ಮೇಲೆ ಬಂದ ಡೀಸೆಲ್ಲು
ಹಸಿಯಾಗಿಯೇ ಹೊರಟುಹೋಗುತ್ತದೆ, ಕಣ್ಣುರಿಸುತ್ತ.

ಇಷ್ಟು ಗೊತ್ತಿದ್ದೂ ಮೊದಲು ಬೇರೆಯವರ ತಪ್ಪು ಹುಡುಕಿದೆ.
ಲಿಫ್ಟ್ ಪಂಪು: ಒತ್ತಡ ಸರಿಯಿತ್ತು.
ಪೈಪಿನಲ್ಲಿ ಗಾಳಿ? ಪಾರದರ್ಶಕ ಟ್ಯೂಬು ಹಾಕಿ
ಒಂದು ಗುಳ್ಳೆಗಾಗಿ ಅರ್ಧ ಗಂಟೆ ಕಾದೆ, ಬರಲಿಲ್ಲ.
ಒಂದೊಂದೇ ನಾಝಲಿನ ನಟ್ಟು ಸಡಿಲಿಸಿ ನೋಡಿದೆ:
ಆರಕ್ಕೆ ಆರೂ ಒಂದೇ ಥರ ಎಡವಿದವು.
ಆರು ಜನ ಒಟ್ಟಿಗೆ ತಡವಾಗಿ ಬಂದರೆ
ಕೆಟ್ಟದ್ದು ಜನವಲ್ಲ, ಗಡಿಯಾರ.

ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಒಂದನೇ ಪಿಸ್ಟನ್ನನ್ನು
ತುತ್ತತುದಿಗೆ ತಂದು, ಡಯಲ್ ಗೇಜಿನ ಮುಳ್ಳು ನೋಡಿದೆ.
ಮತ್ತೆ ತಿರುಗಿಸಿದೆ. ಮತ್ತೆ ನೋಡಿದೆ.
ಪಟ್ಟಿಯ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದೆ: ಎಂಟು.
ಮಿಕ್ಕ ಎಂಟು ಡಿಗ್ರಿ ಎಲ್ಲಿ ಬಿದ್ದುಹೋಯಿತು,
ಕುದುರೆ ಟ್ರೇಲರ್ ಎಳೆಯುತ್ತ
ಬೇಕರ್ ರಸ್ತೆಯ ಯಾವ ಏರಿನಲ್ಲಿ?

ಪುಲ್ಲರ್ ಹಾಕಿ ಗೇರನ್ನು ಎಳೆದೆ. ಟಕ್ ಅನ್ನಬೇಕಿತ್ತು,
ಹೆಂಚು ಒಡೆದ ಹಾಗೆ. ಸದ್ದಿಲ್ಲದೆ ಕೈಗೆ ಬಂತು.
ಪಂಪಿನ ಶಾಫ್ಟಿನ ಕೋನಿನ ಮೇಲೆ ಸುತ್ತಲೂ ಗೀರು;
ಗೀರುಗಳ ನಡುವೆ ಎಣ್ಣೆಯ ತೆಳುಪೊರೆ,
ದೋಸೆ ಹಂಚಿಗೆ ಈರುಳ್ಳಿ ಉಜ್ಜಿದಷ್ಟು.

ಹರಿಹರದ ಬೈಪಾಸಿನಲ್ಲಿ ಫಕ್ರುದ್ದೀನ್ ಮೇಸ್ತ್ರಿ ಹೇಳುತ್ತಿದ್ದರು:
ಕೋನು ಬೇಸಿಗೆಯ ಗಂಟಲಿನ ಹಾಗೆ ಒಣಗಿರಬೇಕು, ಮಗಳೇ.
ಅಲ್ಲಿ ಕೀಲಿಯಿಲ್ಲ, ಹಲ್ಲಿಲ್ಲ. ಕಬ್ಬಿಣ ಕಬ್ಬಿಣವನ್ನು
ಬರೀ ನಂಬಿಕೆಯ ಮೇಲೆ ಹಿಡಿದಿರುತ್ತದೆ.
ಸಾವಿರ ಸಲ ಒರೆಸಿದ್ದೇನೆ. ಅಂದು ಒರೆಸಿದೆನೇ?
ಅಂದು ನಡುವೆ ಫೋನು ಬಂದಿತ್ತು. ಅಥವಾ ಬಂದಿರಲಿಲ್ಲ,
ಬಂದಿತ್ತೆಂದು ಈಗ ನನಗೆ ಬೇಕಾಗಿದೆ.

"ಏನಿತ್ತು?" ಆರಿನ್ ಕೇಳಿದ, ಬಾಗಿಲಿಗೆ ಒರಗಿ.
"ಎಣ್ಣೆ. ಬೆರಳಿಗಂಟಿದಷ್ಟು."
"ಯಾರ ಬೆರಳು?"
ಬಲಗೈ ತೋರುಬೆರಳು ಎತ್ತಿ ಹಿಡಿದೆ,
ಶಾಲೆಯಲ್ಲಿ ಉತ್ತರ ಗೊತ್ತಿದ್ದವಳ ಹಾಗೆ.
ಅವನು ಬಹಳ ಹೊತ್ತು ಅದನ್ನೇ ನೋಡಿದ.
ನಕ್ಕನೋ, ಚಳಿಗೆ ಹಲ್ಲು ಕಾಣಿಸಿತೋ.

ಗೀರನ್ನು ಪೇಸ್ಟಿನಲ್ಲಿ ಅರೆದು ನುಣುಪು ಮಾಡಿದೆ.
ಬ್ರೇಕ್ ಕ್ಲೀನರ್ ಮೂರು ಡಬ್ಬಿ. ಒರೆಸಿದೆ,
ಬಟ್ಟೆ ಬದಲಿಸಿ ಒರೆಸಿದೆ, ಬಟ್ಟೆ
ಬಿಳಿಯಾಗಿಯೇ ಉಳಿಯುವವರೆಗೆ.
ಟಾರ್ಕ್ ವ್ರೆಂಚು ಸಾಕು ಅನ್ನುವವರೆಗೆ ನಟ್ಟು ಬಿಗಿದೆ.
ಹದಿನಾರು. ಮತ್ತೆ ನೋಡಿದೆ. ಹದಿನಾರು.

ಸಂಜೆ ಆರಕ್ಕೆ ಬಾಣಲೆ ಮತ್ತೆ ಚಟಚಟ ಅಂತು.
ಬೀದಿ ಒಂದೊಂದಾಗಿ ವಾಪಸ್ಸು ಬಂತು,
ಮೊದಲು ಬಾವುಟದ ಕಂಬ, ಆಮೇಲೆ ಟೈರಿನಂಗಡಿ.
ಬಿಲ್ಲಿನಲ್ಲಿ ಏನೂ ಬರೆಯದೆ ಕೊಟ್ಟೆ;
ಅವನು ಅದನ್ನೂ ಮಡಚಿ ಜೇಬಿಗಿಟ್ಟುಕೊಂಡ.
ತಿರುವಿನಲ್ಲಿ ನಿಂತು ಒಮ್ಮೆ ಪೆಡಲ್ ತುಳಿದ:
ಒಂದು ಮುಷ್ಟಿ ಕಪ್ಪು ಹೊಗೆ.
ಅದು ಅವನು ಕೇಳಿ ಹಾಕಿಸಿಕೊಂಡದ್ದು.
ಅದರ ಬಗ್ಗೆ ನನ್ನನ್ನು ಕೇಳಬೇಡಿ.