ಐದು ಅಂಕದ ಪ್ರಶ್ನೆ

ಸೀಮೆಸುಣ್ಣ ಮುರಿದದ್ದು ‘ಸಂಘರ್ಷ’ ಬರೆಯುವಾಗ,
ಕೊನೆಯ ಅರ್ಕಾವೊತ್ತು ಎಳೆಯುವ ಹೊತ್ತಿಗೆ.
ಅಷ್ಟರೊಳಗೆ ಹಲಗೆಯ ಮೇಲೆ ಇದ್ದವು
ವಸ್ತು, ಪಾತ್ರ, ಸನ್ನಿವೇಶ, ನಿರೂಪಣೆ,
ಪಕ್ಕದಲ್ಲೊಂದು ಗುಡ್ಡದ ಚಿತ್ರ:
ಈ ಕಡೆಯಿಂದ ಏರಬೇಕು, ತುದಿಯಲ್ಲಿ ಉಸಿರು ಹಿಡಿಯಬೇಕು,
ಆ ಕಡೆಯಿಂದ ಇಳಿಯಬೇಕು ಕತೆ.
ಮೈಂದರ್ಗಿಯಲ್ಲಿ ಹೇಳಿಕೊಳ್ಳುವಂಥ ಗುಡ್ಡವಿಲ್ಲ.
ಹನ್ನೊಂದು ಮಕ್ಕಳು ಅದನ್ನು ನೋಟುಬುಕ್ಕಿಗೆ ಇಳಿಸಿಕೊಂಡರು,
ಒಬ್ಬ ಅದರ ನೆತ್ತಿಗೆ ಸೂರ್ಯನನ್ನೂ ಬರೆದ.

ಗೋಡೆಯಾಚೆ ಮರಾಠಿ ತರಗತಿ.
ಅಲ್ಲಿಯೂ ಇದೇ ಪಾಠವಿರಬೇಕು,
‘ಕಥಾನಕ’ ಎಂಬ ಕೂಗು ಬಂತು,
ನಮ್ಮ ಗುಡ್ಡವನ್ನೇ ಇನ್ನೊಂದು ಮಗ್ಗುಲಿಂದ ಹತ್ತುತ್ತಿರುವವರ ಹಾಗೆ.

“ಸಂಘರ್ಷ ಅಂದ್ರ ಜಗಳ ಏನ್ರಿ ಸರ?”
ಕೇಳಿದವಳು ಶೇವಂತಾ, ಹಿಂದಿನ ಬೆಂಚು,
ಬೆರಳ ತುದಿಗೆ ಸದಾ ತಂಬಾಕಿನ ಘಾಟು.
ಜಗಳವೂ ಹೌದು, ಎಂದೆ.
ಪುಸ್ತಕದ ಮಾತು ಹೇಳಿದೆ: ಮನುಷ್ಯನಿಗೂ ಮನುಷ್ಯನಿಗೂ,
ಮನುಷ್ಯನಿಗೂ ನಿಸರ್ಗಕ್ಕೂ, ತನಗೂ ತನಗೂ.
ಅವಳು ಅವನ್ನು ಮನಸ್ಸಿನಲ್ಲೇ ಎಣಿಸಿದಳು,
ಕಟ್ಟಿನ ಬೀಡಿ ಎಣಿಸುವಂತೆ.
“ಹಂಗಾರ ನಮ್ಮವ್ವಂದು ಯಾವುದು ಹೇಳ್ರಿ.”

ಅವಳ ಅವ್ವ ಕಸ್ತೂರವ್ವ.
ದಿನಕ್ಕೆ ಸಾವಿರ ಬೀಡಿ, ಇಪ್ಪತ್ತೆರಡು ವರ್ಷ,
ಒಂದನ್ನೂ ತುಟಿಗೆ ಮುಟ್ಟಿಸಿದವಳಲ್ಲ.
ಶನಿವಾರ ಕಾರಖಾನೆಯಲ್ಲಿ ಮಾಲು ನೋಡುವ ಚೆಕ್ಕರ್
ಮೂರು ಕಟ್ಟು ಬದಿಗೆ ಒಗೆದ. ಸಡಿಲ, ಅಂದ.
ಹತ್ತೂದಿಲ್ಲ, ಅಂದ.
ಸಾಲಿನಲ್ಲಿ ನಿಂತ ಹೆಂಗಸರು ನೆಲ ನೋಡಿದರು.
“ಅವ್ವ ಜಗಳಾ ಮಾಡ್ಲಿಲ್ಲರಿ ಸರ.
ಅವನ ಮೇಜಿನ ಮ್ಯಾಲಿನ ಕಡ್ಡಿಪೆಟ್ಟಿಗಿ ತಗೊಂಡ್ಲು,
ಒಗದಿದ್ದ ಕಟ್ಟಿನಾಗಿಂದ ಒಂದು ಎಳದ್ಲು,
ಗೀರಿದ್ಲು.”

ತರಗತಿ ಉಸಿರು ಹಿಡಿಯಿತು.
ಗುಡ್ಡದ ಕಡೆ ಯಾರೂ ನೋಡಲಿಲ್ಲ, ನಾನೂ.

“ಮುಖ ಹೆಂಗಾಗಿತ್ತು?” ಎಂದ ಇಮಾಮಸಾಬ.
“ಮುಖ ಕಾಣ್ಲಿಲ್ಲ. ನಾ ಬಾಗಲದ ಹೊರಗಿದ್ದೆ,
ಅವ್ವನ ಚಪ್ಪಲಿ ಕಾಯಕೋತ.
ಬೆನ್ನು ಕಾಣಸ್ತಿತ್ತು, ಸೆರಗಿನ ತ್ಯಾಪಿ ಕಾಣಸ್ತಿತ್ತು,
ಆಮ್ಯಾಲ ತಲಿ ಮ್ಯಾಲೆ ಹೊಗಿ.
ಕೆಮ್ಮಿದ್ಲು. ಭಾಳ ಕೆಮ್ಮಿದ್ಲು.
ಕೆಮ್ಮು ನಿಂತ ಮ್ಯಾಲೆ ಅಂದ್ಲು:
ಹತ್ತತೈತಿ ನೋಡಪಾ.”

ನಿರೂಪಣೆಯ ನೆಲೆ ಎಂದು
ನಾನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದ ಪಾಠ
ಚಪ್ಪಲಿ ಕಾಯುತ್ತ ಹೊಸ್ತಿಲಾಚೆ ನಿಂತಿತ್ತು.

ಶಿಖರ ಯಾವುದು ಎಂಬುದಕ್ಕೆ ಜಗಳ ಹತ್ತಿತು.
ಕಡ್ಡಿ ಗೀರಿದ್ದು, ಅಂದರು ಹುಡುಗರು.
ಕೆಮ್ಮು, ಅಂದಳು ನಿಂಬೆವ್ವ, ಅದಷ್ಟೇ ಬೇಕಂತ ಮಾಡಿದ್ದಲ್ಲ.
ಹೆಂಗಸರು ನೆಲ ನೋಡಿದ್ದು,
ಅಂದ ಎಂದೂ ಬಾಯಿ ಬಿಡದ ರೇವಣ್ಯಾ.
ಅದು ತುದಿಯಲ್ಲವೋ, ತಗ್ಗು, ಎನ್ನಹೋಗಿ ಸುಮ್ಮನಾದೆ.
ಕತೆಯ ಆಶಯವೇನು? ಕೇಳಿದೆ, ಕೇಳಲೇಬೇಕಲ್ಲ.
ಧಾನಪ್ಪ ಎದ್ದುನಿಂತು ಕೈಕಟ್ಟಿ ಒದರಿದ:
“ಧೂಮಪಾನ ಆರೋಗ್ಯಕ್ಕೆ ಹಾನಿಕರ!”
ಗೋಡೆಯಾಚೆ ಮರಾಠಿ ನಿಲ್ಲುವಷ್ಟು ನಕ್ಕೆವು,
ಶೇವಂತಾ ಎಲ್ಲರಿಗಿಂತ ಹೆಚ್ಚು.

ನಕ್ಕು ಮುಗಿದ ಮೇಲೆ ನನಗೇ ತಡೆಯಲಿಲ್ಲ:
ಮುಂದೆ? ಆ ಮೂರು ಕಟ್ಟು ತಗೊಂಡನೇನು?
ಅವಳು ಆಗಲೇ ಕೂತಾಗಿತ್ತು. ಪೆನ್ನಿನ ಮುಚ್ಚಳ ಹಾಕುತ್ತ,
“ಅದು ವಹಿಯೊಳಗೈತ್ರಿ ಸರ, ಕತಿಯೊಳಗಿಲ್ಲ.”

ಪರೀಕ್ಷೆಯಲ್ಲಿ ಪ್ರಶ್ನೆ ಬಂತು:
ಸಣ್ಣಕತೆಯ ಮೂಲ ಅಂಶಗಳನ್ನು ವಿವರಿಸಿ.
ನನ್ನ ಟಿಪ್ಪಣಿಯನ್ನೇ ಅಕ್ಷರ ಬಿಡದೆ ಬರೆದಿದ್ದಳು,
ಗುಡ್ಡ ಸಮೇತ. ಐದಕ್ಕೆ ಐದು ಕೊಟ್ಟೆ,
ಕೊಟ್ಟು ಸ್ವಲ್ಪ ನೊಂದೆ.

ಮೊನ್ನೆ ಅಂಚೆಗೆ ಹೋಗುವಾಗ
ಆ ಕಾರಖಾನೆಯ ಬಾಗಿಲ ಹೊರಗೆ ನಿಂತು ನೋಡಿದೆ.
ಹೌದು, ಅಲ್ಲಿಂದ ಬೆನ್ನುಗಳಷ್ಟೇ ಕಾಣುತ್ತವೆ.
ಕಾಲಬಳಿ ಚಪ್ಪಲಿಗಳು, ಒಂದರ ಉಂಗುಷ್ಟಕ್ಕೆ ಪಿನ್ನು.
ಯಾವುದು ಕಸ್ತೂರವ್ವನದೆಂದು ಗೊತ್ತಾಗಲಿಲ್ಲ.